ಗುಡೇಕೋಟೆಯ ಮೇಲಣ ಆಕಾಶಗಂಗೆ

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯೆಂದೊಡನೆ ವಾಚಕರಿಗೆ ಬಂಡೆಗಳ ಬೆಟ್ಟಗಳೂ, ಪಾಳೆಯಗಾರರ ಕೋಟೆಯೂ, 2013ರಲ್ಲಿ ಘೋಷಿತವಾದ ಕರಡಿಧಾಮವೂ ನೆನಪಿಗೆ ಬರುವುವು. ಆ ಊರಿಗೆ ಇನ್ನೊಂದು ಸಂಪತ್ತುಂಟು. ಅದು ಕಂದಾಯದ ಯಾವ ದಫ್ತರದಲ್ಲಿಯೂ ದಾಖಲಾಗತಕ್ಕದ್ದಲ್ಲ. ವೈಶಾಖದ ಸುಮಾರಿಗೆ ಚಂದ್ರನಿಲ್ಲದ ಬೆಳಗಿನ ಜಾವ ಊರ ದೀಪಗಳಿಂದ ದೂರ ಸರಿದು, ಬಯಲಿನಲ್ಲಿ ದಕ್ಷಿಣಾಭಿಮುಖವಾಗಿ ನಿಂತವನಿಗೆ ಹಾಲು ಚೆಲ್ಲಿದಂತೆ ಹರಡಿದ ಆಕಾಶಗಂಗೆಯ ದರ್ಶನವಾಗುವುದು.

ಆ ಹಾಲು ಅಸಂಖ್ಯ ನಕ್ಷತ್ರಗಳ ಸಮುದಾಯವೆಂಬುದನ್ನು ಗೆಲಿಲಿಯೋ ತನ್ನ ದೂರದರ್ಶಕದಿಂದ ಕಂಡು 1610ರಲ್ಲಿ ಪ್ರಕಟಿಸಿದನು. ನಮ್ಮ ಸೂರ್ಯನೂ ಆ ಸಮುದಾಯದಲ್ಲಿ ಒಬ್ಬನು. ಈ ಗೆಲಾಕ್ಸಿಯು ಚಪ್ಪಟೆಯಾದ ತಟ್ಟೆಯಂತಿದ್ದು, ಅದರ ಅಡ್ಡಳತೆ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷಗಳು. ದಪ್ಪವಾದರೋ ಸುಮಾರು ಒಂದು ಸಾವಿರ ಮಾತ್ರ. ನಡುವೆ ಉಬ್ಬಿದ ದಂಡ, ಅದರಿಂದ ಸುರುಳಿಯಾಗಿ ಹೊರಟ ತೋಳುಗಳು. ಇದರೊಳಗೆ ಹತ್ತು ಸಾವಿರ ಕೋಟಿಯಿಂದ ನಲವತ್ತು ಸಾವಿರ ಕೋಟಿಯವರೆಗೆ ನಕ್ಷತ್ರಗಳಿವೆಯೆಂದು ಅಂದಾಜು. ನಾವು ತಟ್ಟೆಯ ಒಳಗೇ ಇದ್ದುಕೊಂಡು ಅದರ ಅಂಚಿನುದ್ದಕ್ಕೆ ನೋಡುವುದರಿಂದ ಅದು ನಮಗೆ ಪಟ್ಟಿಯಾಗಿ ತೋರುವುದು.

ಸಂಖ್ಯೆಯನ್ನು ಕೇಳಿ ಅಲ್ಲಿ ಸಂದಣಿಯಿದೆಯೆಂದು ಯಾರೂ ಭ್ರಮಿಸಬಾರದು. ಸೂರ್ಯನನ್ನು ಜೋಳದ ಕಾಳಾಗಿ ಮಾಡಿ ಗುಡೇಕೋಟೆಯಲ್ಲಿಟ್ಟರೆ, ಅತಿ ಸಮೀಪದ ನಕ್ಷತ್ರವೆಂಬ ಕಾಳನ್ನು ನೂರು ಕಿಲೋಮೀಟರಿಗೂ ಮಿಕ್ಕ ದೂರದಲ್ಲಿ, ಗದಗಿನ ಆಸುಪಾಸಿನಲ್ಲಿ ಇಡಬೇಕಾಗುವುದು!

ಸೂರ್ಯನೇ ಈ ಸಮುದಾಯದ ನಡುವೆ ಇರುವನೆಂದು ಹಿಂದಿನ ಪಂಡಿತರು ನಂಬಿದ್ದರು. 1918ರಲ್ಲಿ ಅಮೆರಿಕದ ಹಾರ್ಲೋ ಶ್ಯಾಪ್ಲಿ ಆ ಅಭಿಮಾನವನ್ನು ಮುರಿದನು. ಕೇಂದ್ರದಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿದ್ದು, ಸೂರ್ಯನು ಒಂದು ಸುತ್ತು ಬರಲು ಸುಮಾರು 23 ಕೋಟಿ ವರ್ಷಗಳು ಬೇಕೆಂದು ಇಂದಿನ ಗಣನೆ. ಗುಡೇಕೋಟೆ ಸೀಮೆಯ ಕಗ್ಗಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಆ ಬಂಡೆಗಳು ಸೂರ್ಯನೊಡನೆ ಹತ್ತು ಹನ್ನೊಂದು ಪ್ರದಕ್ಷಿಣೆಗಳನ್ನು ಮಾಡಿ ಮುಗಿಸಿವೆ.

ಕೇಂದ್ರವಿರುವ ದಿಕ್ಕು ಧನುರಾಶಿ. ನಮ್ಮ ಹಿರಿಯರು ಮೂಲಾ ಎಂದು ಕರೆದ ನಕ್ಷತ್ರದ ನೆರೆ. ಹೆಸರಿನ ಹೊಂದಿಕೆ ಕಾಕತಾಳೀಯವಾದರೂ ಸೊಗಸಾಗಿದೆ. ಅಲ್ಲಿ ಸೂರ್ಯನ ನಲವತ್ತು ಲಕ್ಷ ಪಟ್ಟು ತೂಕದ ಕಪ್ಪುಕುಳಿಯೊಂದಿದೆ. ಅದರ ನೆರಳಿನ ಚಿತ್ರವು 2022ರಲ್ಲಿ ಪ್ರಕಟವಾಯಿತು. ಲಂಡನ್ ನಗರದಲ್ಲಿ ಈ ಕೇಂದ್ರವು ದಿಗಂತದಿಂದ ಹತ್ತು ಡಿಗ್ರಿಯೂ ಏರದು. ಗುಡೇಕೋಟೆಯಲ್ಲಾದರೋ ನಲವತ್ತೈದು ಡಿಗ್ರಿಗೂ ಮೇಲಕ್ಕೇರಿ, ದಕ್ಷಿಣಾಕಾಶದ ನಡುಮಧ್ಯದಲ್ಲಿ ನಿಲ್ಲುವುದು. ಅದರ ಪಕ್ಕದಲ್ಲಿ ಕೆಂಪಾದ ಜ್ಯೇಷ್ಠಾ ಮುಪ್ಪಿನ ಮಹಾನಕ್ಷತ್ರ. ಉತ್ತರಕ್ಕೆ ಶುಭ್ರವಾದ ಅಭಿಜಿತ್ ಕೇವಲ 25 ಜ್ಯೋತಿರ್ವರ್ಷಗಳ ನೆರೆಯವನು.

ಆ ಹಾಲಿನ ನಡುವೆ ಕಾಣುವ ಕರಿಯ ಸೀಳುಗಳು ಬರಿದಾದ ಜಾಗಗಳಲ್ಲ. ಅವು ಬೆಳಕನ್ನು ತಡೆಯುವ ಧೂಳಿನ ಮೋಡಗಳು. ಈ ಧೂಳನ್ನು ರೇಡಿಯೋ ಅಲೆಗಳು ಭೇದಿಸಿ ಬರುವುವು. ಅವನ್ನು ಹಿಡಿಯಲು ನಮ್ಮ ಗೌರಿಬಿದನೂರಿನ ಬಳಿ ಸಾವಿರ ಕಂಬಿಗಳ ದೂರದರ್ಶಕವನ್ನು 1976ರಲ್ಲಿ ಸ್ಥಾಪಿಸಿ, ಅದರಿಂದ ಆಕಾಶದ ಬಹುಭಾಗದ ನಕ್ಷೆಯನ್ನು 1990ರಲ್ಲಿ ಪ್ರಕಟಿಸಿದರು. ಕನ್ನಡನಾಡಿನ ನೆಲದಿಂದ ಆಕಾಶಗಂಗೆಯನ್ನು ಅಳೆದುದು ನಮಗೆಲ್ಲ ಹೆಮ್ಮೆಯ ಸಂಗತಿ.

ಆದರೆ ಅಳೆದುದನ್ನು ಕಣ್ಣಾರೆ ಕಾಣುವ ಭಾಗ್ಯ ಎಷ್ಟು ಜನಕ್ಕಿದೆ? ದೀಪಗಳ ಹೊಳಪಿನ ದೆಸೆಯಿಂದ ಮಾನವಕೋಟಿಯ ಮೂರರಲ್ಲೊಂದು ಪಾಲಿಗೂ ಹೆಚ್ಚು ಜನರಿಗೆ ಆಕಾಶಗಂಗೆ ಮರೆಯಾಗಿದೆಯೆಂದು 2016ರಲ್ಲಿ ವಿದ್ವಾಂಸರು ತೋರಿಸಿಕೊಟ್ಟರು. ಬೆಂಗಳೂರಿನ ಮಕ್ಕಳು ಅದನ್ನು ಪುಸ್ತಕದಲ್ಲಷ್ಟೇ ಬಲ್ಲರು. ಪಟ್ಟಣಗಳ ಹಾದಿಯನ್ನೇ ಹಳ್ಳಿಗಳೂ ಹಿಡಿದರೆ ಗುಡೇಕೋಟೆಗೂ ಅದೇ ಗತಿಯಾಗುವುದು.

ಹಾವು ಚೇಳುಗಳ ಸೀಮೆಯಲ್ಲಿ ಬೀದಿದೀಪ ಬೇಡವೆನ್ನುವಷ್ಟು ಅವಿವೇಕಿಗಳು ನಾವಲ್ಲ. ಹಳ್ಳಿಗೆ ದೀಪ ಬೇಕು. ಆದರೆ ಅದು ಬೆಳಗಬೇಕಾದುದು ನೆಲವನ್ನು, ಮುಗಿಲನ್ನಲ್ಲ. ದೀಪಕ್ಕೆ ಮೇಲಿನಿಂದ ಮುಚ್ಚಳವಿರಲಿ, ಬೆಳಕು ಹಳದಿಯಾಗಿರಲಿ, ಅಲಂಕಾರದ ದೀಪಗಳು ನಡುರಾತ್ರಿಗೆ ಆರಲಿ. ಇದರಿಂದ ವಿದ್ಯುತ್ತು ಉಳಿಯುವುದು. ಇರುಳಿನಲ್ಲಿ ಸಂಚರಿಸುವ ಕರಡಿಗಳಿಗೂ ಹಿತವಾಗುವುದು. ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಖಭೌತ ಸಂಸ್ಥೆಯ ದೂರದರ್ಶಕವಿರುವ ಎಡೆಯಲ್ಲಿ, 2022ರಲ್ಲಿ ಕತ್ತಲನ್ನೇ ಕಾಪಾಡುವ ಮೀಸಲು ಪ್ರದೇಶವು ಘೋಷಿತವಾಯಿತು. ಅಲ್ಲಿ ಸಾಧ್ಯವಾದುದು ಇಲ್ಲಿ ಅಸಾಧ್ಯವೇಕೆ?

ಜಿಲ್ಲೆಯ ಅಧಿಕಾರಿಗಳೂ ಪಂಚಾಯತಿಗಳವರೂ ಈ ವಿಷಯವನ್ನು ಆಲೋಚಿಸುವರೆಂದು ನಾವು ನಂಬುತ್ತೇವೆ. ಉಪಾಧ್ಯಾಯರು ವರ್ಷಕ್ಕೊಂದು ರಾತ್ರಿಯಾದರೂ ಮಕ್ಕಳನ್ನು ಬಯಲಿಗೆ ಕರೆದೊಯ್ಯಲಿ. ಮುಂದಿನ ತಲೆಮಾರಿಗೆ ನಾವು ಕೋಟೆಯನ್ನು ಉಳಿಸಿಕೊಡುವಂತೆ, ಅದರ ಮೇಲಣ ಮುಗಿಲನ್ನೂ ಉಳಿಸಿಕೊಡಬೇಕು.