ಹಳೇ ವಿಂಡೋಸ್ ಹಾಕಿಸೋ ಮುಂಚೆ

ನೀವು ಹೊಸ ಲ್ಯಾಪ್‌ಟಾಪ್ ತಂದು ತಿಂಗಳಾಯ್ತು. ಅದರೊಳಗೆ ವಿಂಡೋಸ್ 11 ಇದೆ. ನಿಮಗೆ ರೂಢಿ ಇರೋದು ವಿಂಡೋಸ್ 10. ಹಳೇದನ್ನೇ ಹಾಕಿಸಿಬಿಡೋಣ ಅನ್ನಿಸುತ್ತೆ, ಅಲ್ಲವೇ?

2007ರಲ್ಲಿ ವಿಸ್ಟಾ ಬಂದಾಗಲೂ ಎಷ್ಟೋ ಜನ ಎಕ್ಸ್‌ಪಿಗೆ ಮರಳಿದರು. ಎಕ್ಸ್‌ಪಿಗೆ 2014ರ ಏಪ್ರಿಲ್‌ವರೆಗೆ ಕಂಪನಿಯ ರಕ್ಷಣೆ ಇತ್ತು. ವಿಂಡೋಸ್ 10ರ ಸಾಮಾನ್ಯ ರಕ್ಷಣೆ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ಕಿಂಡಿ ಬಿದ್ದರೆ ಮುಚ್ಚುವವರಿಲ್ಲ, ಕಳ್ಳರಿಗೆ ದಾರಿಯಾಗುತ್ತೆ.

ಆದರೂ ಹಾಕಿಸ್ತೀರಾ? ಹಾಗಾದರೆ ಎರಡು ಮಾತು ನೆನಪಿಡಿ. ಡಿಸ್ಕ್ ಅಳಿಸಿ ಹಾಕಿದರೆ ಫೋಟೋ, ಲೆಕ್ಕಪತ್ರ ಎಲ್ಲಾ ಹೋಗುತ್ತೆ. ಮೊದಲೇ ಪೆನ್‌ಡ್ರೈವಿಗೆ ನಕಲು ಮಾಡಿಟ್ಟುಕೊಳ್ಳಿ. ಹಳೇದಕ್ಕೆ ಹೊಂದುವ ಡ್ರೈವರ್ ಸಿಗದಿದ್ದರೆ ವೈಫೈ, ಧ್ವನಿ ನಡೆಯೋದಿಲ್ಲ. ಅದನ್ನೂ ಮೊದಲೇ ವಿಚಾರಿಸಿ.

ಅದಕ್ಕಿಂತ ಹೊಸದನ್ನೇ ಇನ್ನೂ ಎಂಟು ದಿನ ಬಳಸಿ ನೋಡಿ. ಕೈ ಪಳಗುತ್ತೆ.