ಭಾನುವಾರ ಬೈಕ್ ರೈಡ್, ಕೊನೆಗೆ ಬಾರ್ಬೆಕ್ಯೂ: ಕ್ಲಬ್ ಜತೆ ಮೊದಲ ಸಲ ಹೊರಡುವವರು ತಿಳಿದಿರಬೇಕಾದ್ದೇನು?

ಮಳೆಗಾಲ ಶುರುವಾಯಿತೆಂದರೆ ಮುಂಬೈ, ಪುಣೆಯ ಬೈಕ್ ಪ್ರಿಯರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದೇ ಬಗೆಯ ಮೆಸೇಜ್: 'ಭಾನುವಾರ ರೈಡ್. ಬೆಳಗ್ಗೆ 6ಕ್ಕೆ ಪೆಟ್ರೋಲ್ ಬಂಕ್ ಹತ್ತಿರ ಸೇರೋದು. ಮಧ್ಯಾಹ್ನ ಪವನಾ ಜಲಾಶಯದ ಬಳಿ ಬಾರ್ಬೆಕ್ಯೂ. ಸಂಜೆ ವಾಪಸ್.' ಓದಲು ಪಿಕ್ನಿಕ್‌ನಂತಿದೆ. ಆದರೆ ಹದಿನೈದು ಇಪ್ಪತ್ತು ಬೈಕ್‌ಗಳು ಒಂದೇ ದಾರಿಯಲ್ಲಿ, ಒಬ್ಬರಿಗೊಬ್ಬರು ಡಿಕ್ಕಿಯಾಗದೆ, ಯಾರನ್ನೂ ಹಿಂದೆ ಬಿಡದೆ ಹೋಗಿ ಬರುವುದಕ್ಕೆ ಒಂದು ಲೆಕ್ಕಾಚಾರ ಇದೆ.

ಮೊದಲು ದಾರಿಯ ವಿಷಯ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಬಾಂದ್ರಾ-ವರ್ಲಿ ಸೀ ಲಿಂಕ್, 2024ರಲ್ಲಿ ಶುರುವಾದ ಅಟಲ್ ಸೇತು ಕೂಡ ಬೈಕ್‌ಗಳಿಗೆ ಮುಚ್ಚಿವೆ. ಹಾಗಾಗಿ ಮುಂಬೈನವರು ಪನ್ವೇಲ್, ಖೋಪೋಲಿ ಮೂಲಕ ಹಳೆ ಹೆದ್ದಾರಿ ಹಿಡಿಯಬೇಕು. ಹೈದರಾಬಾದ್‌ನ ಔಟರ್ ರಿಂಗ್ ರೋಡ್‌ನಲ್ಲೂ ಇದೇ ನಿಯಮ. ರಜೆಗೆ ಊರಿಗೆ ಬಂದಾಗ ಮೈಸೂರು ಕಡೆ ಬೈಕ್ ತಿರುಗಿಸುವವರಿಗೆ ಇನ್ನೊಂದು ಮಾತು: ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್ ನಿಷೇಧ, ಸರ್ವಿಸ್ ರಸ್ತೆಯೇ ಗತಿ. ಫೋನ್‌ನ ಮ್ಯಾಪ್ ಕಾರಿನ ಮೋಡ್‌ನಲ್ಲಿದ್ದರೆ ನೇರ ಎಕ್ಸ್‌ಪ್ರೆಸ್‌ವೇಗೇ ಕರೆದೊಯ್ಯುತ್ತದೆ, ಗಮನಿಸಿ.

ಒಬ್ಬರ ಹಿಂದೆ ಒಬ್ಬರಲ್ಲ

ಅಗಲವಾದ, ನೇರ ರಸ್ತೆಯಲ್ಲಿ ಗುಂಪು ಹಾವಿನ ನಡೆಯಂತೆ ಅಡ್ಡಾದಿಡ್ಡಿ ಸಾಲಿನಲ್ಲಿ ಹೋಗುತ್ತದೆ. ಲೀಡರ್ ತನ್ನ ಲೇನ್‌ನ ಬಲಭಾಗದಲ್ಲಿದ್ದರೆ ಎರಡನೆಯವರು ಎಡಭಾಗದಲ್ಲಿ, ಮೂರನೆಯವರು ಮತ್ತೆ ಬಲಭಾಗದಲ್ಲಿ. ಅಮೆರಿಕದ ಯೂಟ್ಯೂಬ್ ವಿಡಿಯೋಗಳಲ್ಲಿ ಇದು ತಿರುಗಾಮುರುಗಾ ಕಾಣುತ್ತದೆ. ಅಲ್ಲಿ ವಾಹನ ಓಡುವುದು ರಸ್ತೆಯ ಬಲಕ್ಕೆ, ಅದನ್ನು ನೋಡಿ ಕಲಿತವರು ಇಲ್ಲಿ ಗೊಂದಲ ಮಾಡಿಕೊಳ್ಳುವುದುಂಟು.

ಓರೆಯಾಗಿ ಮುಂದಿರುವ ಬೈಕ್‌ಗೂ ನಿಮಗೂ ಒಂದು ಸೆಕೆಂಡ್, ನೇರವಾಗಿ ಮುಂದಿರುವ ಬೈಕ್‌ಗೆ ಎರಡು ಸೆಕೆಂಡ್ ಅಂತರ ಬೇಕು. ಮುಂದಿನವರು ಒಂದು ಕಂಬ ದಾಟಿದ ಕೂಡಲೇ ಎಣಿಸಲು ಶುರು ಮಾಡಿದರೆ ಸಾಕು, ಲೆಕ್ಕ ಸಿಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡ್ ಎಂದರೆ ಸುಮಾರು 17 ಮೀಟರ್. ಹತ್ತು ಬೈಕ್‌ಗಳು ಒಂದೇ ಸಾಲಿನಲ್ಲಿ ಎರಡು ಸೆಕೆಂಡ್ ಬಿಟ್ಟು ಹೋದರೆ ಸಾಲಿನ ಉದ್ದ 300 ಮೀಟರ್, ಅಡ್ಡಾದಿಡ್ಡಿ ಸಾಲಿನಲ್ಲಾದರೆ ಅದರ ಅರ್ಧ. ಆದರೆ ಘಾಟಿ ತಿರುವು, ಕಿರಿದಾದ ರಸ್ತೆ ಬಂದ ಕೂಡಲೇ ಈ ಜೋಡಣೆ ಬಿಟ್ಟು ಒಂದೇ ಸಾಲಿಗೆ ಬರಬೇಕು. ತಿರುವಿನಲ್ಲಿ ಬೈಕ್‌ಗೆ ಲೇನ್‌ನ ಪೂರ್ತಿ ಅಗಲ ಬೇಕು. ಮಳೆಯಿದ್ದರೆ ಅಂತರ ಇನ್ನೂ ಹೆಚ್ಚು.

ದೊಡ್ಡ ಗುಂಪಿನ ನಿಜವಾದ ಸಮಸ್ಯೆ ಬಾಲದಲ್ಲಿರುತ್ತದೆ. ಲೀಡರ್ ಆರಾಮವಾಗಿ 60ರಲ್ಲಿ ಹೋಗುತ್ತಿರುತ್ತಾನೆ. ನಡುವೆ ಒಂದು ಲಾರಿ, ಒಂದು ಸಿಗ್ನಲ್ ಬಂದರೆ ಕೊನೆಯವನು ಸಾಲು ಸೇರಲು 80ರಲ್ಲಿ ಅಟ್ಟಬೇಕಾಗುತ್ತದೆ. ಹೊಸಬರು ಕೊನೆಯಲ್ಲಿದ್ದರೆ ಅಪಾಯ ಖಚಿತ. ಅದಕ್ಕೇ ಹೊಸಬರನ್ನು ಲೀಡರ್‌ನ ಬೆನ್ನ ಹಿಂದೆಯೇ ಹಾಕುತ್ತಾರೆ, ಕೊನೆಗೆ 'ಸ್ವೀಪ್' ಎಂಬ ಅನುಭವಿ ಇರುತ್ತಾನೆ. ಅಮೆರಿಕದ ಮೋಟರ್‌ಸೈಕಲ್ ಸೇಫ್ಟಿ ಫೌಂಡೇಶನ್ ಒಂದು ಗುಂಪಿನಲ್ಲಿ ಐದರಿಂದ ಏಳು ಬೈಕ್ ಸಾಕು ಎನ್ನುತ್ತದೆ. ಇಪ್ಪತ್ತು ಜನ ಬಂದರೆ ಮೂರು ಗುಂಪು ಮಾಡಿ.

ಇನ್ನೊಂದು ಉಪಾಯವಿದೆ, ನನಗೆ ತುಂಬಾ ಇಷ್ಟವಾದದ್ದು. ತಿರುವು ಬಂದಾಗ ಲೀಡರ್ ಕೈ ತೋರಿಸುತ್ತಾನೆ, ಅವನ ಹಿಂದಿನ ಸವಾರ ಅಲ್ಲೇ ಸುರಕ್ಷಿತ ಜಾಗದಲ್ಲಿ ನಿಂತು ಬರುವವರಿಗೆಲ್ಲ ದಾರಿ ತೋರಿಸುತ್ತಾನೆ. ಸ್ವೀಪ್ ಬಂದ ಮೇಲೆ ಅವನ ಮುಂದೆ ಸಾಲು ಸೇರಿಕೊಳ್ಳುತ್ತಾನೆ. ಮುಂದಿನ ತಿರುವಿಗೆ ಈಗ ಲೀಡರ್ ಹಿಂದಿರುವವನ ಸರದಿ. ಯಾರೂ ಅಟ್ಟಿಸಿಕೊಂಡು ಹೋಗಬೇಕಿಲ್ಲ. ಕಳೆದ ವರ್ಷ ನಾನು ಹೋಗಿದ್ದ ಗುಂಪಿಗೆ ಇದು ಗೊತ್ತಿರಲಿಲ್ಲ. ಖೋಪೋಲಿಯಲ್ಲಿ ವಡಾಪಾವ್ ಅಂಗಡಿ ಮುಂದೆ ಒಂದು ಗಂಟೆ ಒಬ್ಬಳೇ ನಿಂತಿದ್ದೆ, ನೆಟ್‌ವರ್ಕ್ ಇರಲಿಲ್ಲ. ವಡಾಪಾವ್ ಮಾತ್ರ ಚೆನ್ನಾಗಿತ್ತು.

ಕೆಂಡದ ಮುಂದೆ

ಕ್ಲಬ್‌ಗಳು ಬಾರ್ಬೆಕ್ಯೂ ಇಟ್ಟುಕೊಳ್ಳುವುದಕ್ಕೆ ಕಾರಣವಿದೆ. ದಾರಿಯಲ್ಲಿ ಹೆಲ್ಮೆಟ್ ಒಳಗೆ ಯಾರೂ ಯಾರ ಜತೆಯೂ ಮಾತಾಡುವುದಿಲ್ಲ. ಇದ್ದಿಲು ಕೆಂಪಾಗಿ ಮೇಲೆ ಬೂದಿ ಕಟ್ಟಲು ಅರ್ಧ ಗಂಟೆಯಾದರೂ ಬೇಕು. ಪರಿಚಯವಾಗುವುದು ಆ ಅರ್ಧ ಗಂಟೆಯಲ್ಲಿ. ಉರಿ ಎದ್ದಾಗಲೇ ಚಿಕನ್ ಹಾಕಿದರೆ ಹೊರಗೆ ಕರಕಲು, ಒಳಗೆ ಹಸಿ.

ಮಸಾಲೆ ಹಚ್ಚಿದ ಮಾಂಸವನ್ನು ಬೆನ್ನ ಮೇಲಿನ ಬ್ಯಾಗಿನಲ್ಲಿ ಒಯ್ಯಬೇಡಿ. ಫ್ರಿಜ್‌ನಿಂದ ಹೊರಗೆ ಎರಡು ಗಂಟೆ, ಬಿಸಿಲು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ ಎಂಬುದು ಸುರಕ್ಷಿತ ಮಿತಿ. ಐಸ್ ಪೆಟ್ಟಿಗೆ ಹೊತ್ತ ಕಾರೊಂದು ಜತೆಗಿರಲಿ, ಇಲ್ಲವೇ ಹತ್ತಿರದ ಊರಲ್ಲೇ ಕೊಳ್ಳಿ. ಪನೀರ್, ದೊಣ್ಣೆಮೆಣಸಿನಕಾಯಿ, ಜೋಳದ ತೆನೆಗೆ ಬೇರೆ ಜಾಲರಿ, ಬೇರೆ ಇಕ್ಕಳ ಇರಬೇಕು. ಮಹಾರಾಷ್ಟ್ರದಲ್ಲಿ ಮಳೆಗಾಲದ ರೈಡ್‌ಗಳು ಶ್ರಾವಣಕ್ಕೇ ಬರುತ್ತವೆ. ಆ ತಿಂಗಳು ಮಾಂಸ ಬಿಟ್ಟವರು ಪ್ರತಿ ಗುಂಪಿನಲ್ಲೂ ಇರುತ್ತಾರೆ, ಮೊದಲೇ ಕೇಳಿಕೊಳ್ಳಿ.

ಮಳೆ ಬಂತೆಂದು ಒಲೆಯನ್ನು ಟೆಂಟ್ ಒಳಗೆ ಎಳೆದುಕೊಳ್ಳುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಉರಿ ಆರಿದ ಕೆಂಡವೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಬಂದು ಹಾಗೇ ಪ್ರಜ್ಞೆ ತಪ್ಪುತ್ತದೆ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1927ರ ಭಾರತೀಯ ಅರಣ್ಯ ಕಾಯ್ದೆಯಡಿ ಅಪರಾಧ, ಆದ್ದರಿಂದ ಅನುಮತಿಯಿರುವ ಕ್ಯಾಂಪ್ ಜಾಗವನ್ನೇ ಆರಿಸಿ.

ಬಿಯರ್ ಬೇಕೇ?

ಈ ಪ್ರಶ್ನೆ ಪ್ರತಿ ಸಲವೂ ಏಳುತ್ತದೆ, ಉತ್ತರ ಒಂದೇ. ಕಾನೂನಿನ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮದ್ಯಸಾರ. ಮೀರಿದರೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೆ ₹10,000 ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅಪಘಾತವಾದರೆ ಬೈಕ್ ರಿಪೇರಿಯ ವಿಮೆ ಹಣವೂ ಸಿಗುವುದಿಲ್ಲ. 'ಒಂದೇ ಒಂದು' ಎನ್ನುವವರ ಕೀಲಿಯನ್ನು ಸ್ವೀಪ್ ಕೈಗೆ ಕೊಡಿಸುವ ಪದ್ಧತಿ ಕೆಲವು ಕ್ಲಬ್‌ಗಳಲ್ಲಿದೆ. ಜಗಳ ಆಗುತ್ತದೆ, ಆಗಲಿ. ಕುಡಿಯದವರೂ ಹೊಟ್ಟೆ ತುಂಬಾ ತಿಂದು ತಕ್ಷಣ ಹೊರಡಬಾರದು. ತೂಕಡಿಕೆ ಬರುವುದು ಘಾಟಿಯಲ್ಲಿ.

ಅಂದಹಾಗೆ, ಇಂಥ ಕ್ಲಬ್ ಸಂಸ್ಕೃತಿಗೆ ಮೈಸೂರಿನ ನಂಟೂ ಇದೆ. 1961ರಿಂದ 1996ರವರೆಗೆ ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕ್‌ಗಳನ್ನು ಇಂದಿಗೂ ಓಡಿಸುವವರು ಪ್ರತಿ ಜುಲೈ ಎರಡನೇ ಭಾನುವಾರ ದೇಶದ ನಾನಾ ನಗರಗಳಲ್ಲಿ ಒಟ್ಟುಗೂಡುತ್ತಾರೆ.

ಹೊರಡುವ ಮುನ್ನ ಕೆಂಡಕ್ಕೆ ನೀರು ಸುರಿದು, ಕೋಲಿನಿಂದ ಕೆದಕಿ, ಮತ್ತೆ ನೀರು ಸುರಿಯಿರಿ. ಹತ್ತಿರ ಕೈ ಹಿಡಿದರೆ ಬಿಸಿ ತಾಗಬಾರದು. ಕತ್ತಲಾಗುವ ಮೊದಲು ಘಾಟಿ ಇಳಿದುಬಿಡಬೇಕು. ಮನೆ ಸೇರಿದ ಮೇಲೆ ಗ್ರೂಪ್‌ನಲ್ಲಿ 'ತಲುಪಿದೆ' ಎಂದು ಒಂದು ಮೆಸೇಜ್ ಹಾಕಿ, ಸ್ವೀಪ್ ಹೆಸರುಗಳನ್ನು ಎಣಿಸುತ್ತಾ ಕೂತಿರುತ್ತಾನೆ.