ಮೋಟರು ಕಾಯುತ್ತೆ, ಲೇತು ಕಾಯಲ್ಲ

ತುಮಕೂರು ದಾಟಿ ಶಿರಾ ಕಡೆ ಹೊರಟರೆ ವಸಂತನರಸಾಪುರ. ಅಲ್ಲೊಂದು ಮೆಷಿನ್ ಟೂಲ್ ಪಾರ್ಕ್ ಇದೆ. ಸುತ್ತಲಿನ ತೆಂಗು, ಅಡಿಕೆ ತೋಟಗಳಲ್ಲಿ ಬೋರ್‌ವೆಲ್ ಮೋಟರನ್ನು ಮನೆಯಿಂದಲೇ ಆನ್ ಮಾಡುವ ಮೊಬೈಲ್ ಸ್ಟಾರ್ಟರ್‌ಗಳಿವೆ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತಿನೊಳಗೂ ಸ್ಟಾರ್ಟರ್ ಡಬ್ಬಿಯೊಳಗೂ ಚಿಪ್ಪೇ ಯಜಮಾನ. ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಮ್, ಅಂದರೆ ಆರ್‌ಟಿಒಎಸ್, ಯಾವುದಕ್ಕೆ ಬೇಕು?

ರಿಯಲ್ ಟೈಮ್ ಎಂದರೆ ವೇಗ ಎಂದುಕೊಂಡವರೇ ಹೆಚ್ಚು. ಅಲ್ಲ, ಅದು ಹೇಳಿದ ಹೊತ್ತಿಗೆ ಸರಿಯಾಗಿ ಮುಗಿಸುವುದು. ಲೇತಿನ ಟೂಲು ನಿಮಿಷಕ್ಕೆ 6 ಮೀಟರ್ ಓಡುತ್ತಿದ್ದರೆ, 1 ಮಿಲಿಸೆಕೆಂಡಿನಲ್ಲಿ 0.1 ಮಿ.ಮೀ. ಸಾಗಿರುತ್ತದೆ. ‘ನಿಲ್ಲು’ ಎಂಬ ಆಜ್ಞೆ ಅಷ್ಟು ತಡವಾದರೆ ಬಿಡಿಭಾಗ ಗುಜರಿಗೆ. ಪರದೆ ತೋರಿಸುವ ಕೆಲಸವನ್ನು ಅರ್ಧಕ್ಕೇ ತಡೆದು ಟೂಲಿನ ಕೆಲಸ ಮುಂದೆ ನುಗ್ಗಬೇಕು. ಆರ್‌ಟಿಒಎಸ್ ಇರುವುದೇ ಅದಕ್ಕೆ.

ಸ್ಟಾರ್ಟರ್‌ಗೆ ಅಂಥ ಅವಸರವಿಲ್ಲ. ಕರೆಂಟು ಬಂದ ಮೇಲೂ ಅದು ಬೇಕೆಂದೇ ಕೆಲವು ಸೆಕೆಂಡು ಕಾದು ಮೋಟರು ಹಾಕುತ್ತದೆ. ಮೂರು ಫೇಸ್ ಇದೆಯೇ, ನೀರು ಬರುತ್ತಿದೆಯೇ, ಮೆಸೇಜು ಬಂತೇ ಎಂದು ಒಂದೇ ಲೂಪಿನಲ್ಲಿ ಸುತ್ತಿದರೆ ಸಾಕು. ಇಷ್ಟು ಕೆಲಸಕ್ಕೆ ಸಾಕಾಗುವ ಎಟಿಮೆಗಾ328 ಚಿಪ್ಪಿನ ರ್‍ಯಾಮ್ ಬರೀ 2 ಕೆಬಿ. ಆರ್‌ಟಿಒಎಸ್ ಹಾಕಿದರೆ ಪ್ರತಿ ಟಾಸ್ಕಿಗೂ, ಅಂದರೆ ಬಿಡಿ ಕೆಲಸಕ್ಕೂ, ರ್‍ಯಾಮಿನಲ್ಲಿ ಬೇರೆ ಸ್ಟ್ಯಾಕ್ ಕೊಡಬೇಕು. ತಲಾ 256 ಬೈಟಿನಂತೆ ಐದು ಟಾಸ್ಕೆಂದರೆ ಅರ್ಧಕ್ಕಿಂತ ಹೆಚ್ಚು ಜಾಗ ಅಲ್ಲೇ ಮುಗಿಯಿತು.

ಎಡವಟ್ಟಾಗುವುದು ಸಿಮ್ ಹಾಕುವ ಮಾಡ್ಯೂಲಿನಲ್ಲಿ. ಸಿಗ್ನಲ್ ಸರಿಯಿಲ್ಲದಾಗ ಮೆಸೇಜು ಹೋಯಿತೆಂಬ ಉತ್ತರಕ್ಕೆ ಹಲವು ಸೆಕೆಂಡು ಬೇಕು. ಪ್ರೋಗ್ರಾಮು ಅಲ್ಲೇ ಬಾಯಿಬಿಟ್ಟು ನಿಂತಾಗ ಒಂದು ಫೇಸ್ ಹೋದರೆ, ಉಳಿದೆರಡರಲ್ಲೇ ಎಳೆಯುವ ಮೋಟರಿನ ವೈಂಡಿಂಗ್ ಸುಡಬಹುದು. ‘ಆರ್‌ಟಿಒಎಸ್ ಹಾಕಬೇಕಿತ್ತು’ ಎನ್ನುವವರು ಆಗ ಸಿಗುತ್ತಾರೆ. ನಾನು ಒಪ್ಪುವುದಿಲ್ಲ. ಮೆಸೇಜು ಕಳಿಸಿ ಮುಂದೆ ಹೋಗಿ, ಮುಂದಿನ ಸುತ್ತಿನಲ್ಲಿ ಬಂದು ಉತ್ತರ ನೋಡುವಂತೆ ಬರೆದರೆ ಆಯಿತು. ಆದರೆ ಅದೇ ಡಬ್ಬಿಗೆ ವೈಫೈ, ಟಚ್ ಸ್ಕ್ರೀನ್, ಹತ್ತಾರು ವಾಲ್ವ್ ಎಲ್ಲ ಸೇರಿದರೆ ಮಾತು ಬೇರೆ, ಆಗ ಆರ್‌ಟಿಒಎಸ್ ಹಾಕುವುದೇ ಸರಿ. ಇಎಸ್‌ಪಿ32 ಚಿಪ್ಪಿಗಾದರೆ ತಯಾರಕರ ಸಾಫ್ಟ್‌ವೇರಿನಲ್ಲೇ ಫ್ರೀಆರ್‌ಟಿಒಎಸ್ ಬಂದಿರುತ್ತದೆ.

ಆರ್‌ಟಿಒಎಸ್ ತನ್ನದೇ ಕಾಯಿಲೆಯನ್ನೂ ತರುತ್ತದೆ. 1997ರ ಜುಲೈನಲ್ಲಿ ಮಂಗಳ ಗ್ರಹಕ್ಕಿಳಿದ ನೌಕೆ ಪಾತ್‌ಫೈಂಡರ್ ಮತ್ತೆ ಮತ್ತೆ ರೀಸೆಟ್ ಆಗತೊಡಗಿತು. ಹವಾಮಾನ ಅಳೆಯುವ ಕೆಳದರ್ಜೆಯ ಸಣ್ಣ ಟಾಸ್ಕೊಂದು ಹಂಚಿಕೊಂಡು ಬಳಸುವ ಡೇಟಾದ ಬೀಗ ಹಿಡಿದಿತ್ತು, ತುರ್ತಿನ ಟಾಸ್ಕ್ ಆ ಬೀಗಕ್ಕೆ ಕಾದಿತ್ತು, ಇವೆರಡರ ನಡುವಿನ ದರ್ಜೆಯದು ಸಣ್ಣದನ್ನು ಪಕ್ಕಕ್ಕೆ ತಳ್ಳಿ ಓಡುತ್ತಿತ್ತು; ತುರ್ತಿನದು ಹೊತ್ತಿಗೆ ಮುಗಿಯದೆ ರೀಸೆಟ್ ಆಗುತ್ತಿತ್ತು. ಬೀಗ ಹಿಡಿದವನಿಗೆ ಕಾಯುವವನ ದರ್ಜೆಯನ್ನೇ ತಾತ್ಕಾಲಿಕವಾಗಿ ಕೊಡುವ ಸೆಟ್ಟಿಂಗ್ ಒಳಗೇ ಇತ್ತು, ಆನ್ ಆಗಿರಲಿಲ್ಲ ಅಷ್ಟೆ. ಭೂಮಿಯಿಂದಲೇ ಆನ್ ಮಾಡಿದರು. ತೋಟದ ಡಬ್ಬಿ ಹಾಗೆ ಕೆಟ್ಟರೆ ಮೆಕ್ಯಾನಿಕ್ ಬೈಕಿನಲ್ಲಿ ಬರುವವರೆಗೆ ಕಾಯಬೇಕು.